ಮಗಳಿಗೊಂದು ಪತ್ರ: ಆ ಫೋಟೊ ವಾಪಸ್ ಬರಲ್ಲ ಪುಟ್ಟೀ

ಸಾಗರ
ಭಾನುವಾರ ರಾತ್ರಿ

ಪುಟ್ಟೀ,

ಒಂದೇ ಮನೆಯಲ್ಲಿದ್ದುಕೊಂಡು ಅಮ್ಮ ಕಾಗದ ಬರೆದಿದ್ದಾಳೆ ಅಂತ ನಗಬೇಡ. ಗುರುವಾರದಿಂದ ನೀನು ನನ್ನ ಹತ್ತಿರ ಮಾತು ಬಿಟ್ಟಿದ್ದೀಯ. ಊಟಕ್ಕೆ ಕರೆದರೆ ತಟ್ಟೆ ಹಿಡಿದುಕೊಂಡು ಹೋಗಿ ಅಪ್ಪನ ಪಕ್ಕ ಕೂರುತ್ತೀಯ. ಜಡೆ ಹಾಕುವುದಕ್ಕೂ ಅಜ್ಜಿಯೇ ಬೇಕು. ಮಾತು ಬಿಟ್ಟವರಿಗೆ ಕಾಗದ ಬರೆಯಬೇಕು, ಸಿಟ್ಟಲ್ಲಾದರೂ ಪೂರ್ತಿ ಓದುತ್ತಾರೆ ಅಂತ ನಿನ್ನ ಅಜ್ಜ ಹೇಳುತ್ತಿದ್ದರು. ನೋಡೋಣ.

ಮದುವೆಮನೆಯಲ್ಲಿ ನಡೆದದ್ದು ನಮ್ಮಿಬ್ಬರಿಗೂ ಗೊತ್ತು. ಆದರೂ ಬರೆದಿಡುತ್ತೇನೆ, ಹತ್ತು ವರ್ಷ ಬಿಟ್ಟು ಈ ಹಾಳೆ ನಿನ್ನ ಕೈಗೆ ಸಿಕ್ಕರೆ ತಲೆಬುಡ ಗೊತ್ತಾಗಬೇಕಲ್ಲ. ಹೋಳಿಗೆ ಬಡಿಸುವ ಹೊತ್ತಿಗೆ ಎದುರು ಪಂಕ್ತಿಯಲ್ಲಿದ್ದ ಹುಡುಗನೊಬ್ಬ, ನಮಗೆ ಯಾರಿಗೂ ಪರಿಚಯವಿಲ್ಲದವನು, ಫೋನ್ ಎತ್ತಿ ತೋರಿಸಿ "ಇದು ನೀನೇ ಅಲ್ವಾ?" ಅಂದ. ಮುಂದಿನ ಎರಡು ಹಲ್ಲು ಬಿದ್ದ ಬಾಯಿ ತೆರೆದುಕೊಂಡು, ಅರ್ಧ ತಲೆ ಬಾಚಿ ಇನ್ನರ್ಧ ಕೆದರಿಕೊಂಡು ನೀನು ಅಳುತ್ತಿರುವ ಸ್ಟಿಕರ್. ಕೆಳಗೆ ದಪ್ಪಕ್ಷರದಲ್ಲಿ "ನಾಳೆ ಸೋಮವಾರ!" ಅಂತ. ಆ ಫೋಟೊ ತೆಗೆದವಳು ನಾನೇ, ನೀನು ಎರಡನೇ ಕ್ಲಾಸಿನಲ್ಲಿದ್ದಾಗ. ನೀನು ಎಂಜಲು ಕೈಯಲ್ಲೇ ಎದ್ದು ಬಂದು ನನ್ನ ಸೆರಗು ಹಿಡಿದುಕೊಂಡು ಒಂದೇ ಮಾತು ಹೇಳಿದೆ: "ಅಮ್ಮಾ, ಅದನ್ನ ವಾಪಸ್ ತರ್ಸು."

"ಆಯ್ತು, ತರ್ಸ್ತೀನಿ" ಅಂದೆ. ಸುಳ್ಳು ಹೇಳಿದೆ. ಅದು ಯಾಕೆ ಸುಳ್ಳು ಅಂತ ಹೇಳುವುದಕ್ಕೆ ಈ ಕಾಗದ.

ಹೋದ ಬೇಸಿಗೆ ರಜೆಯಲ್ಲಿ ಅಜ್ಜನ ಮನೆ ಜಗಲಿಯಲ್ಲಿ ಆಡಿದ ಟಪಾಲಾಟ ನೆನಪಿದೆಯಾ? ಅದೇ ಜಗಲಿಯ ಮೂಲೆಯಲ್ಲಿ ಅಜ್ಜನ ಬ್ರಾಂಚ್ ಪೋಸ್ಟಾಫೀಸು ಇತ್ತು. ಒಂದು ಮರದ ಪೆಟ್ಟಿಗೆ, ಒಂದು ತಕ್ಕಡಿ, ತಾರೀಕಿನ ಮುದ್ರೆ, ಅಷ್ಟೇ. ಸಾಗರದಿಂದ ಬರುವ ಬಸ್ಸಿನಲ್ಲಿ ಟಪಾಲು ಚೀಲ ಬರುತ್ತಿತ್ತು. ಪಿನ್‌ಕೋಡ್ ಓದುವುದನ್ನು ಅಜ್ಜ ನನಗೆ ಕಲಿಸಿದ್ದು ನಾನು ನಿನ್ನಷ್ಟಿದ್ದಾಗ. ಮೊದಲ ಅಂಕಿ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ಕಡೆ. ಮೊದಲ ಮೂರು ಸೇರಿದರೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು, ಕಾಗದ ಇಳಿಯಬೇಕಾದ ಪೋಸ್ಟಾಫೀಸು. 1972ರ ಆಗಸ್ಟ್ 15ರಿಂದ ಹೀಗೆ. ದೂರದ ಗುವಾಹಟಿಯಲ್ಲಿ ಕಾಗದ ವಿಂಗಡಿಸುವವನಿಗೆ ಸಾಗರ ಎಲ್ಲಿದೆ ಅಂತ ಗೊತ್ತಿರಬೇಕಿಲ್ಲ. 577 ನೋಡಿ ಆ ದಿಕ್ಕಿನ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು.

ಕಂಪ್ಯೂಟರುಗಳಿಗೂ ಇಂಥದೇ ಅಂಕಿಯ ವಿಳಾಸ ಇರುತ್ತದೆ, ಐಪಿ ಅಡ್ರೆಸ್ ಅಂತ. ದಾರಿಯಲ್ಲಿ ನಿಂತಿರುವ ಯಂತ್ರಗಳೂ ಆ ಅಂಕಿಯ ಮುಂಭಾಗ ನೋಡಿ ದಿಕ್ಕು ಹಿಡಿಯುತ್ತವೆ. ಒಂದೇ ವ್ಯತ್ಯಾಸ, ಇಲ್ಲಿ ಕಾಗದವನ್ನು ಇಡಿಯಾಗಿ ಕಳಿಸುವುದಿಲ್ಲ, ಹರಿದು ಚೂರು ಮಾಡಿ ಕಳಿಸುತ್ತಾರೆ. ನಿನಗೆ ಅದು ನಂಬಿಕೆ ಬಂದಿರಲಿಲ್ಲ. ಅದಕ್ಕೇ ಆಟ ಹೂಡಿದ್ದು.

ನೀನು ತುಳಸಿಕಟ್ಟೆ ಹತ್ತಿರ, ಸುಮಿ ಕೊಟ್ಟಿಗೆ ಬಾಗಿಲಲ್ಲಿ, ನಡುವೆ ಐದು ಜನ. ನೀನು ಸುಮಿಗೆ ಬರೆದದ್ದು: "ನಾಳೆ ಬೆಳಿಗ್ಗೆ ಅಜ್ಜಿಗೆ ಹೇಳದೆ ಮಾವಿನಕಾಯಿ ಕೀಳೋಣ." ಆರು ಪದ, ಆರು ಚೀಟಿ. ಪ್ರತಿ ಚೀಟಿಯ ಮೇಲೆ ಯಾರಿಗೆ, ಯಾರಿಂದ, ಆರರಲ್ಲಿ ಎಷ್ಟನೆಯದು. ಒಂದು ಚೀಟಿ ಬಾವಿಕಟ್ಟೆ ಬಳಸಿ ಹೋಯಿತು, ಇನ್ನೊಂದು ಅಂಗಳದ ನಡುವೆ ಹೋಯಿತು. ಹಿಂದುಮುಂದಾಗಿ ಬಂದವನ್ನು ಸುಮಿ ನಂಬರ್ ನೋಡಿ ಜೋಡಿಸಿದಳು. ಗುಂಡ ಮಾತ್ರ ನಾಲ್ಕನೇ ಚೀಟಿಯನ್ನು ಚಡ್ಡಿ ಜೇಬಿಗೆ ಹಾಕಿಕೊಂಡು ನೀರು ಕುಡಿಯಲು ಹೋದ. ಸುಮಿಗೆ ಸಿಕ್ಕಿದ್ದು: "ನಾಳೆ ಬೆಳಿಗ್ಗೆ ಅಜ್ಜಿಗೆ ಮಾವಿನಕಾಯಿ ಕೀಳೋಣ." ಎಷ್ಟು ಒಳ್ಳೆಯ ಮಕ್ಕಳು! ನಾಲ್ಕನೇ ನಂಬರ್ ಇಲ್ಲ ಅಂತ ಅವಳೇ ಗಮನಿಸಿ, ಮತ್ತೆ ಕಳಿಸು ಅಂತ ಕೂಗಿದ ಮೇಲೆ "ಹೇಳದೆ" ಬಂತು.

ಹೀಗೆ ನಂಬರ್ ಹಾಕುವುದು, ಕಳೆದದ್ದನ್ನು ಮತ್ತೆ ಕೇಳಿ ಪಡೆಯುವುದು, ಇದನ್ನೇ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅನ್ನುವ ಇಬ್ಬರು 1974ರಲ್ಲಿ ಬರೆದು ಪ್ರಕಟಿಸಿದರು. ಇವತ್ತಿಗೂ ಲೋಕ ನಡೆಯುತ್ತಿರುವುದು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಒಂದು ಚೂರು ಸಾಮಾನ್ಯವಾಗಿ 1500 ಬೈಟ್ ದಾಟುವುದಿಲ್ಲ. 3 ಎಂಬಿಯ, ಅಂದರೆ ಸುಮಾರು 30 ಲಕ್ಷ ಬೈಟಿನ, ಒಂದು ಫೋಟೊಕ್ಕೆ 2000ಕ್ಕೂ ಹೆಚ್ಚು ಚೀಟಿ. ನಮ್ಮ ಅಂಗಳದಲ್ಲಿ ಆಡಲು ಹೋಗಿದ್ದರೆ ಮಳೆಗಾಲ ಹಿಡಿಯುತ್ತಿತ್ತು.

ನಿಮಗೆಲ್ಲ ಬಹಳ ಖುಷಿ ಕೊಟ್ಟದ್ದು, ಇಂಟರ್‌ನೆಟ್ಟಿಗೆ ಮೂಲವಾದ ಆರ್ಪಾನೆಟ್ ಅನ್ನುವ ಜಾಲದಲ್ಲಿ ಹೋದ ಮೊದಲ ಸಂದೇಶದ ಕಥೆ. 1969ರ ಅಕ್ಟೋಬರ್ 29. ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ, ಸುಮಾರು 500 ಕಿ.ಮೀ. ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ "ಲಾಗಿನ್" ಅಂತ ಕಳಿಸಲು ಹೊರಟರು. ಎಲ್ ಹೋಯಿತು, ಓ ಹೋಯಿತು, ಅಷ್ಟರಲ್ಲಿ ಆ ಕಡೆಯ ಯಂತ್ರ ಮಲಗಿತು. ಅಲ್ಲಿಗೆ ಆ ಜಾಲದಲ್ಲಿ ಒಂದು ಕಂಪ್ಯೂಟರು ಇನ್ನೊಂದಕ್ಕೆ ಆಡಿದ ಮೊದಲ ಮಾತು "ಲೋ". ಗುಂಡ ಆವತ್ತಿಡೀ ಬಾವಿಯೊಳಗೆ ಬಗ್ಗಿ "ಲೋ, ಯಾರೋ ಅದು!" ಅಂತ ಕೂಗುತ್ತಿದ್ದ.

ಆದರೆ ನಿನ್ನ ಮಾವಿನಕಾಯಿ ಸಂಚು ಕೆಟ್ಟಿತು. ನಡುವೆ ಕೂತಿದ್ದ ಚಿನ್ನು ಐದನೇ ಚೀಟಿ ಓದಿಬಿಟ್ಟ. ಸಂಜೆಯೊಳಗೆ ಅಜ್ಜಿ ದೋಟಿಯನ್ನು ಅಟ್ಟಕ್ಕೆ ಹಾಕಿದರು. "ಮಧ್ಯದವರು ಓದ್ಬಾರ್ದು ಅಂತ ರೂಲ್ಸ್ ಮಾಡು" ಅಂತ ನೀನು ನನ್ನ ಮೇಲೆ ಹಾರಿಬಿದ್ದೆ.

ಅಜ್ಜನಿಗೆ ಅಂಥ ರೂಲ್ಸು ಯಾರೂ ಮಾಡಿಕೊಡಬೇಕಿರಲಿಲ್ಲ. ಪೋಸ್ಟ್‌ಕಾರ್ಡು ಕೈಗೆ ಬಂದರೆ ಕಣ್ಣು ತಾನಾಗಿ ಓದುತ್ತದೆ ಅಂತ ಅವರೇ ಒಪ್ಪಿಕೊಳ್ಳುತ್ತಿದ್ದರು. ಓದು ಬಾರದವರ ಮನೆಗೆ ಹೋಗಿ ಕಾಗದ ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟು ಬರುತ್ತಿದ್ದರು. ಯಾರ ಮಗ ಎಷ್ಟು ಮನಿಯಾರ್ಡರ್ ಕಳಿಸಿದ, ಯಾರ ಮಗ ಕಳಿಸಲಿಲ್ಲ, ಯಾವ ಹೆಣ್ಣಿನ ಜಾತಕ ಎಷ್ಟು ಕಡೆಯಿಂದ ವಾಪಸ್ ಬಂತು, ಎಲ್ಲ ಗೊತ್ತು. ನಿನ್ನ ಅಜ್ಜಿ ಎಷ್ಟು ಕೆದಕಿದರೂ "ಚೀಲದಲ್ಲಿ ಬಂದದ್ದು ಚೀಲದಲ್ಲೇ ಹೋಯ್ತು" ಅನ್ನುವರು. ಅಜ್ಜಿಗೆ ಇವತ್ತಿಗೂ ಅದರ ಸಿಟ್ಟಿದೆ.

ದಾರಿಯಲ್ಲಿರುವ ಎಲ್ಲರೂ ಅಜ್ಜನಂಥವರಾಗಿರುವುದಿಲ್ಲವಲ್ಲ. ಅದಕ್ಕೆ ಎರಡನೇ ದಿನ ನಾವು ಗುಟ್ಟಿನ ಭಾಷೆ ಕಟ್ಟಿದೆವು. ಪ್ರತಿ ವ್ಯಂಜನದ ಬದಲು ವರ್ಣಮಾಲೆಯಲ್ಲಿ ಅದರ ಮುಂದಿನ ವ್ಯಂಜನ. ಕ ಇದ್ದಲ್ಲಿ ಖ, ನ ಇದ್ದಲ್ಲಿ ಪ. ಕಾಗುಣಿತ ಹಾಗೇ ಇರಲಿ. ಮಾವಿನಕಾಯಿ ಹೋಗಿ "ಯಾಶಿಪಖಾರಿ" ಆಯಿತು! ಗುಂಡನಿಗೆ ಅದು ಬೈಗುಳವೇ ಆಗಿಹೋಯಿತು, ಬಸ್ ಹತ್ತುವಾಗಲೂ ಡ್ರೈವರ್ ಮಾಮನಿಗೆ "ಯಾಶಿಪಖಾರಿ" ಅಂದ. ಚಿನ್ನು ಅರ್ಧ ಗಂಟೆಯಲ್ಲಿ ಅದನ್ನೂ ಬಿಡಿಸಿದ. ನೀನು ಒಂದರ ಬದಲು ನಾಲ್ಕು ಅಕ್ಷರ ಮುಂದೆ ಹೋಗೋಣ ಅಂತ ಹೊರಟೆ. ಆಗ ಒಳ್ಳೆಯ ಪೇಚು ಬಂತು: ಆ "ನಾಲ್ಕು" ಅನ್ನುವುದನ್ನು ಸುಮಿಗೆ ಹೇಳುವುದು ಹೇಗೆ? ಕೂಗಿದರೆ ಎಲ್ಲರಿಗೂ ಕೇಳುತ್ತದೆ, ಬರೆದರೆ ಚಿನ್ನು ಓದುತ್ತಾನೆ.

ಸುಮಿ ತನ್ನ ಪೆಟ್ಟಿಗೆಗೆ ಹಾಕುವ ಬೀಗವನ್ನು ತೆರೆದೇ ನಿನ್ನ ಹತ್ತಿರ ಕಳಿಸಲಿ, ಕೀಲಿ ಅವಳ ಲಂಗದ ಜೇಬಿನಲ್ಲೇ ಇರಲಿ ಅಂದೆ ನಾನು. ನೀನು ಚೀಟಿಯನ್ನು ಡಬ್ಬಿಗೆ ಹಾಕಿ ಬೀಗ ಒತ್ತಿದರೆ ಆಯಿತು, ಇನ್ನು ನಿನಗೇ ತೆಗೆಯಲು ಬರುವುದಿಲ್ಲ. ನಡುವೆ ಎಷ್ಟು ಚಿನ್ನುಗಳು ಬೇಕಾದರೂ ಇರಲಿ. ಮುಚ್ಚುವುದಕ್ಕೆ ಒಂದು, ತೆರೆಯುವುದಕ್ಕೆ ಇನ್ನೊಂದು ಅನ್ನುವ ಈ ಉಪಾಯವನ್ನು ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್‌ಮನ್ ಎಂಬಿಬ್ಬರು 1976ರಲ್ಲಿ ಲೋಕದ ಮುಂದಿಟ್ಟರು. ಅವರು ಬೀಗದ ಬದಲು ಗಣಿತ ಬಳಸಿದರು. ಬ್ಯಾಂಕಿನ ಪುಟದ ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರುವಾಗುತ್ತದಲ್ಲ, ಕೊನೆಯ ಆ ಎಸ್ ಇರುವುದು ಈ ಬೀಗಕ್ಕೆ. ಅದು ದಾರಿಗೆ ಹಾಕಿದ ಬೀಗ ಮಾತ್ರ, ನೆನಪಿಟ್ಟುಕೋ. ಕಳ್ಳನೂ ತನ್ನ ಮನೆಗೆ ಒಳ್ಳೆಯ ಬೀಗ ಹಾಕಿಕೊಳ್ಳಬಹುದು.

ಬೀಗ ಬಿದ್ದ ಮೇಲೂ ಚಿನ್ನು ಸುಮ್ಮನಿರಲಿಲ್ಲ. ಓದಲು ಆಗದಿದ್ದರೇನು, ಎಣಿಸಿದ. "ಪುಟ್ಟಿಯಿಂದ ಸುಮಿಗೆ ಎಂಟು, ನಂಗೆ ಒಂದೂ ಇಲ್ಲ" ಅಂತ ಅತ್ತೇಬಿಟ್ಟ. ಒಳಗೇನಿದೆ ಅಂತ ತಿಳಿಯದೆಯೂ ಅವನಿಗೆ ತಿಳಿಯಬೇಕಾದ್ದು ತಿಳಿದಿತ್ತು. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ತವರಿನಿಂದ ವಾರಕ್ಕೆರಡು ಕಾಗದ ಬಂದರೆ, ಲಕೋಟೆ ಒಡೆಯದೆಯೇ ಆ ಮನೆಯ ಕಥೆ ಅಂದಾಜಾಗುತ್ತದೆ ಅಂತ ಅಜ್ಜ ಅನ್ನುತ್ತಿದ್ದರು. ಯಾರು, ಯಾರಿಗೆ, ಎಷ್ಟು ಸಲ, ಎಷ್ಟು ಹೊತ್ತಿನಲ್ಲಿ. ಎಷ್ಟೋ ದೊಡ್ಡ ಕಂಪನಿಗಳು ಇಂಥ ಲೆಕ್ಕದ ಮೇಲೂ ದುಡಿಯುತ್ತವೆ.

ಇಷ್ಟು ಚೆಂದ ಕಲಿಸಿದೆ ಅಂತ ನಾನು ಬೀಗುತ್ತಿದ್ದೆ. ಗುರುವಾರ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಗೊತ್ತಾಯಿತು, ಆಟದಲ್ಲಿ ಬಹಳ ಮುಖ್ಯವಾದದ್ದನ್ನು ತಪ್ಪಾಗಿ ಕಲಿಸಿದ್ದೇನೆ.

ಚೀಟಿ ನಿನ್ನ ಕೈಯಿಂದ ಗುಂಡನ ಕೈಗೆ ಹೋದರೆ ನಿನ್ನ ಕೈ ಖಾಲಿ. ಅಜ್ಜನ ಚೀಲ ಬಸ್ಸು ಹತ್ತಿದರೆ ಜಗಲಿ ಖಾಲಿ. ಕಂಪ್ಯೂಟರಿನಲ್ಲಿ ಹಾಗಲ್ಲ. ಅದಕ್ಕೆ ಕೊಡುವುದು ಅಂದರೆ ಏನು ಅಂತಲೇ ಗೊತ್ತಿಲ್ಲ, ನಕಲು ಮಾಡುವುದೊಂದೇ ಗೊತ್ತು. ನಾನು ಫೋಟೊ "ಕಳಿಸಿದೆ" ಅಂದಾಗ ಅದು ನನ್ನ ಫೋನಿನಲ್ಲೂ ಉಳಿಯಿತು, ಅಲ್ಲೂ ಹುಟ್ಟಿತು. ಮಾವಿನಕಾಯಿ ಕೊಟ್ಟರೆ ವಾಪಸ್ ಕೇಳಬಹುದು. ಅಪ್ಪೆಮಿಡಿ ಹಾಕುವ ಕ್ರಮ ಹೇಳಿಕೊಟ್ಟ ಮೇಲೆ, ಆ ಕ್ರಮವನ್ನು ವಾಪಸ್ ಕೊಡಿ ಅಂತ ಕೇಳುವುದು ಹೇಗೆ?

ಸಾವಿನ ಸುದ್ದಿಯ ಕಾರ್ಡಿನ ಮೇಲೆ "ಓದಿದ ಕೂಡಲೇ ಹರಿಯುವುದು" ಅಂತ ಬರೆಯುತ್ತಿದ್ದರು. ಹರಿದು ಬಿಸಾಡಿದರೆ ಆ ಕಾರ್ಡು ಲೋಕದಲ್ಲೇ ಇಲ್ಲ. ನಿನ್ನ ಫೋಟೊಕ್ಕೆ ಹರಿಯುವುದು ಅನ್ನುವುದು ಇಲ್ಲ ಪುಟ್ಟೀ. ಯಾವ ಕೈಯಲ್ಲಿ ಎಷ್ಟಿದೆ ಅಂತಲೇ ಗೊತ್ತಿಲ್ಲ.

ಶುಕ್ರವಾರದಿಂದ ನಾನು ಫೋನಿಗೆ ಅಂಟಿಕೊಂಡು ಕೂತದ್ದನ್ನು ನೀನು ನೋಡಿದ್ದೀಯ, ಸಿಟ್ಟು ಇನ್ನೂ ಹೆಚ್ಚಾಗಿರಬೇಕು. ಆ ಫೋಟೊ ಹೋದ ದಾರಿ ಹುಡುಕುತ್ತಿದ್ದೆ. ನಾನು ಹಾಕಿದ್ದು ನಮ್ಮ ಕುಟುಂಬದ ಗ್ರೂಪಿಗೆ, 43 ಜನ. ಆ ಗ್ರೂಪಿಗೆ ಮೇಲೆ ಹೇಳಿದಂಥದೇ ಬೀಗ ಇದೆ, ಅದನ್ನು ಯಾರೂ ಮುರಿದಿಲ್ಲ. ಚಿಕ್ಕಮ್ಮ ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿದಳು, ಪ್ರೀತಿಯಿಂದಲೇ. ಅವಳ ಆಫೀಸಿನ ಯಾರೋ ಸ್ಕ್ರೀನ್‌ಶಾಟ್ ತೆಗೆದರು. ಅವರ ಮನೆಯ ಯಾವುದೋ ಮಗು ಹಿನ್ನೆಲೆ ಕತ್ತರಿಸಿ ಸ್ಟಿಕರ್ ಮಾಡಿತು. ಅಲ್ಲಿಂದಾಚೆಗೆ ದಾರಿ ಕಾಣುವುದಿಲ್ಲ. ಒಂಬತ್ತು ಜನ ಅಳಿಸಿದ್ದೇವೆ ಅಂದರು. ಇಬ್ಬರು "ಎಷ್ಟು ಮುದ್ದಾಗಿದೆ, ಇರಲಿ ಬಿಡೇ" ಅಂದರು. ಅಳಿಸಿದವರ ಹಳೆಯ ಫೋನಿನಲ್ಲಿ, ತನ್ನಷ್ಟಕ್ಕೆ ಆಗುವ ಬ್ಯಾಕಪ್ಪಿನಲ್ಲಿ ಎಷ್ಟು ಇದೆಯೋ, ಅವರಿಗೂ ತಿಳಿಯದು. ಎಲ್ಲ ಬೀಗವೂ ಗಟ್ಟಿಯಾಗಿತ್ತು, ಬಾಗಿಲು ತೆಗೆದವಳು ನಾನು.

ಫೋಟೊದ ಜೊತೆ ಇನ್ನೇನು ಹೋಗಿರಬಹುದು ಅಂತಲೂ ನೋಡಿದೆ. ಫೋನಿನ ಕ್ಯಾಮೆರಾ ಚಿತ್ರದ ಒಳಗೇ ತಾರೀಕು, ಗಂಟೆ, ಎಷ್ಟೋ ಸಲ ಮನೆಯ ಅಕ್ಷಾಂಶ ರೇಖಾಂಶವನ್ನೂ ಬರೆದಿಡುತ್ತದೆ. ಕೆಲವು ದಾರಿಯಲ್ಲಿ ಕಳಿಸಿದರೆ ಅದು ಅಳಿಯುತ್ತದೆ, ಕೆಲವು ದಾರಿಯಲ್ಲಿ ಚಿತ್ರದ ಬೆನ್ನಿಗೇ ಹೋಗುತ್ತದೆ. ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಇತ್ತು, ತೆಗೆದುಹಾಕಿದ್ದೇನೆ.

ಸೈಕಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ನೀನು ಕೇಳಿ ತಿಂಗಳಾಯಿತು. ನನ್ನ ಫೋನಿನಲ್ಲಿ ಒಂದು ಸಲ ಕೆಂಪು ಸೈಕಲ್ ಹುಡುಕಿದ್ದಕ್ಕೆ, ಅಡುಗೆ ಪುಟದಲ್ಲೂ ಸುದ್ದಿ ಪುಟದಲ್ಲೂ ಕೆಂಪು ಸೈಕಲ್ಲೇ ಬರುತ್ತದಲ್ಲ ಯಾಕೆ ಅಂತ. ಅಂಗಡಿಗೆ ಹೋದವರ ಕೈಗೆ ಅಂಗಡಿಯವನು ನಂಬರಿನ ಚೀಟಿ ಕೊಡುತ್ತಾನೆ ಅಂದುಕೋ. ಮರುದಿನ ಹೋದಾಗ ಚೀಟಿ ನೋಡಿ, ಓ ನಿನ್ನೆ ಸೈಕಲ್ ನೋಡಿದವರು ಅಂತ ಗುರುತು ಹಿಡಿಯುತ್ತಾನೆ. ಆ ಚೀಟಿಗೆ ಕುಕಿ ಅಂತ ಹೆಸರು. 1994ರಲ್ಲಿ ಲೂ ಮೊಂಟುಲಿ ಎಂಬಾತ ಮಾಡಿದ್ದು, ಕೆಟ್ಟ ಉದ್ದೇಶದಿಂದಲ್ಲ. ಚೀಲಕ್ಕೆ ಹಾಕಿಕೊಂಡ ಸಾಮಾನು ಪುಟ ತಿರುಗಿಸಿದರೂ ಮರೆತುಹೋಗಬಾರದಲ್ಲ, ಅದಕ್ಕೆ ಅಂಥದೊಂದು ಬೇಕಿತ್ತು. ಆಮೇಲೆ ಜಾಹೀರಾತಿನವರು ಪೇಟೆಯ ಎಲ್ಲ ಅಂಗಡಿಗಳ ಬಾಗಿಲಲ್ಲೂ ತಮ್ಮದೇ ಒಬ್ಬ ಆಳನ್ನು ನಿಲ್ಲಿಸಿದರು. ಅವನು ಎಲ್ಲ ಕಡೆ ಅದೇ ಚೀಟಿ ನೋಡಿ ಬರೆದುಕೊಳ್ಳುತ್ತಾನೆ. ಈಗ ಅವನನ್ನು ಹೊರಗೆ ಹಾಕುವ ಸೆಟ್ಟಿಂಗು ಬ್ರೌಸರಿನಲ್ಲಿದೆ, ನಾಳೆ ತೋರಿಸುತ್ತೇನೆ, ಮಾತಾಡುವುದಾದರೆ.

ನಿನ್ನ ಹೆಸರಿನವರೇ ಒಬ್ಬರ ಕಥೆ ಹೇಳಬೇಕು. ಕೆ.ಎಸ್. ಪುಟ್ಟಸ್ವಾಮಿ ಅಂತ, ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆದ ಮೇಲೆ, 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಎದ್ದ ಪ್ರಶ್ನೆ, ಈ ದೇಶದವರಿಗೆ ಖಾಸಗಿತನದ ಹಕ್ಕು ಇದೆಯೋ ಇಲ್ಲವೋ ಅಂತ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ಬಾಯಲ್ಲಿ ಇದೆ ಅಂದರು. ಅದು ಜೀವಿಸುವ ಹಕ್ಕಿನ ಒಳಗೇ ಇದೆ ಅಂದರು. ಮುಂದಿನ ವರ್ಷ ಆಧಾರ್ ಬಗ್ಗೆಯೇ ಬಂದ ತೀರ್ಪಿನಲ್ಲಿ, ಶಾಲೆಗೆ ಸೇರಿಸಲು ಮಕ್ಕಳ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತಲೂ ಹೇಳಿದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು, 98 ವರ್ಷ. ಆ ವಯಸ್ಸಿನಲ್ಲಿ ನನ್ನ ಗುಟ್ಟು ನನ್ನದು ಅಂತ ಕೋರ್ಟಿಗೆ ಹೋದವರೊಬ್ಬರು ಬೆಂಗಳೂರಲ್ಲಿದ್ದರು ಅನ್ನುವುದೇ ನನಗೆ ಸೋಜಿಗ.

ಆಮೇಲೆ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿಗೆ ಅಂತಲೇ ಒಂದು ಕಾಯಿದೆ ಬಂತು. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಮಕ್ಕಳ ಹಿಂದೆ ಬಿದ್ದು ಅವರು ಏನು ನೋಡುತ್ತಾರೆ ಅಂತ ಪತ್ತೆ ಮಾಡುವುದು, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದು ಕೂಡದು.

ಇದನ್ನು ಓದುತ್ತಾ ನನಗೆ ನಾಚಿಕೆಯಾಯಿತು. ಕಂಪನಿಯವರು ನನ್ನನ್ನು ಕೇಳಬೇಕು. ನಾನು ಯಾರನ್ನು ಕೇಳಬೇಕು? ನಿನಗೆ ಎಷ್ಟು ಸಲ ಪಾಠ ಹೇಳಿದ್ದೇನೆ, ಆಟದ ಆ್ಯಪ್ ಹುಟ್ಟಿದ ದಿನ ಕೇಳಿದರೆ ಕೊಡಬೇಡ, ಓಟಿಪಿ ಹೇಳಬೇಡ, ಶಾಲೆಯ ಹೆಸರು ಹೇಳಬೇಡ ಅಂತ. ನೀನು ಒಂದನ್ನೂ ಹೇಳಿಲ್ಲ. ಹುಟ್ಟಿದ ದಿನ ಕೇಕಿನ ಮೇಲೆ ಬರೆಸಿ ಫೋಟೊ ಹಾಕಿದ್ದು ನಾನು. ಯೂನಿಫಾರ್ಮು, ಐಡಿ ಕಾರ್ಡಿನ ಜೊತೆ ಜೂನ್ ಒಂದನೇ ತಾರೀಕು ಗೇಟಿನ ಮುಂದೆ ನಿಲ್ಲಿಸಿ, ಶಾಲೆಯ ಬೋರ್ಡು ಕಾಣುವ ಹಾಗೆ ಕ್ಲಿಕ್ಕಿಸಿ ಹಾಕಿದ್ದು ಅಪ್ಪ. ಆಸ್ಪತ್ರೆಯಲ್ಲಿ ನೀನು ಹುಟ್ಟಿ ಒಂದು ಗಂಟೆ ಆಗಿರಲಿಲ್ಲ, ಕಣ್ಣೂ ಬಿಟ್ಟಿರಲಿಲ್ಲ, ಅಷ್ಟರಲ್ಲಿ ನಿನ್ನ ಮುಖ, ತೂಕ, ಹುಟ್ಟಿದ ಗಳಿಗೆ ಮೂರು ಗ್ರೂಪಿಗೆ ಹೋಗಿತ್ತು. ಅಜ್ಜ ಒಬ್ಬರೇ "ಇನ್ನೂ ಹೆಸರಿಟ್ಟಿಲ್ಲ, ಆಗಲೇ ವಿಳಾಸ ಹಂಚಿದಿರಾ?" ಅಂದದ್ದು. ನಾವೆಲ್ಲ ನಕ್ಕಿದ್ದೆವು.

ಆ ಸ್ಟಿಕರ್ ವಾಪಸ್ ತರಿಸಲು ನನ್ನಿಂದ ಆಗುವುದಿಲ್ಲ. ತಪ್ಪಾಯ್ತು ಪುಟ್ಟೀ. ಹಲ್ಲು ಬಂದಿದೆ, ಮುಖ ಬದಲಾಗುತ್ತಿದೆ, ಇನ್ನೆರಡು ವರ್ಷಕ್ಕೆ ಅದು ನೀನೇ ಅಂತ ಯಾರಿಗೂ ಗೊತ್ತಾಗಲ್ಲ ಅಂತ ಅಪ್ಪ ಸಮಾಧಾನ ಹೇಳುತ್ತಿದ್ದಾರೆ. ಮುಖ ಗುರುತಿಸುವ ಯಂತ್ರಗಳ ಕಾಲದಲ್ಲಿ ನನಗೆ ಆ ಧೈರ್ಯ ಇಲ್ಲ. ನನ್ನ ಹಳೆಯ ಪೋಸ್ಟುಗಳಲ್ಲಿ ನಿನ್ನವು ಎಷ್ಟಿವೆ ಅಂತ ಎಣಿಸಿದೆ, 212. ನೀನು ಪಕ್ಕ ಕೂತು ಇದು ಇರಲಿ, ಇದು ಬೇಡ ಅಂತ ಹೇಳಬೇಕು. ನೀನು ಹೇಳಿದ್ದನ್ನೆಲ್ಲ ಅಳಿಸುತ್ತೇನೆ, ಆ ಸಮುದ್ರದ ಫೋಟೊವನ್ನೂ.

ಇನ್ನೊಂದು. ಇವತ್ತು ಬೆಳಿಗ್ಗೆ ನೀನು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕಣ್ಣು ಮುಚ್ಚಿದ್ದೆ. ನನಗೆ ತಡೆಯಲಾಗಲಿಲ್ಲ, ಬಾಗಿಲ ಸಂದಿಯಿಂದ ಒಂದು ತೆಗೆದೆ. ಫೋನಿನಲ್ಲೇ ಇದೆ, ಯಾರಿಗೂ ಕಳಿಸಿಲ್ಲ. ಮೈಸೂರಿನ ದೊಡ್ಡಮ್ಮನಿಗೆ ಒಬ್ಬರಿಗೇ ಕಳಿಸಲಾ? ಬೇಡ ಅಂದರೆ ನಿನ್ನೆದುರಿಗೇ ಅಳಿಸುತ್ತೇನೆ. ಉತ್ತರವನ್ನು ಈ ಹಾಳೆಯ ಹಿಂದೆ ಬರೆದು ಅಜ್ಜನ ತಕ್ಕಡಿಯ ಕೆಳಗೆ ಇಡು. ಅಪ್ಪ ಓದಬಾರದು ಅಂತಿದ್ದರೆ ಒಂದೊಂದು ವ್ಯಂಜನ ಮುಂದೆ ಹಾಕಿ ಬರಿ. ನಾನೂ ಹಾಗೇ ಸಹಿ ಹಾಕಿದ್ದೇನೆ.

ಇಂತಿ ನಿನ್ನ,
ಅಯ್ಯ